ನಲವತ್ತು ಮಿಲಿಮೀಟರಿನ ಝೀಲಂ ದಂಡೆ

ದಸರಾ ಗೊಂಬೆ ಕೂರಿಸುವ ಮನೆಯವರಿಗೆ ಈ ಹವ್ಯಾಸವನ್ನು ವಿವರಿಸುವುದು ಸುಲಭ. ಅಲ್ಲಿ ಗೊಂಬೆಗಳು ಮೆಟ್ಟಿಲ ಮೇಲೆ ಕೂರುತ್ತವೆ, ಇಲ್ಲಿ ಮೇಜಿನ ಮೇಲೆ ಯುದ್ಧ ಮಾಡುತ್ತವೆ. ದಾಳ, ಅಳತೆಪಟ್ಟಿ, ನಿಯಮಪುಸ್ತಕ, ಎರಡು ಪುಟ್ಟ ಸೇನೆ. ವಾರ್‌ಗೇಮಿಂಗ್ ಅಂದರೆ ಇಷ್ಟೇ.

ಪ್ರಾಚೀನ ಯುದ್ಧಗಳಿಗೆಂದು 1990ರಲ್ಲಿ ಇಂಗ್ಲೆಂಡಿನಲ್ಲಿ ಬಂದ ‘ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್’ ನಿಯಮಗಳಲ್ಲಿ ಒಂದು ಸೇನೆಗೆ 12 ದಳ. ಸುಮಾರು 15 ಮಿ.ಮೀ. ಎತ್ತರದ ಲೋಹದ ಗೊಂಬೆಗಳನ್ನು 40 ಮಿ.ಮೀ. ಅಗಲದ ತಟ್ಟೆಗೆ ಅಂಟಿಸಬೇಕು. ಒತ್ತಾಗಿ ನಿಲ್ಲುವ ಪದಾತಿಗಳಾದರೆ ತಟ್ಟೆಗೆ ನಾಲ್ವರು, ಚದುರಿ ಕಾದುವವರಾದರೆ ಇಬ್ಬರು, ಆನೆಯಾದರೆ ಒಂದೇ. ಎರಡಡಿ ಚೌಕದ ಜಾಗ ಸಾಕು. ನಮ್ಮ ಮಹಾನಗರದ ಫ್ಲಾಟುಗಳಿಗೆ ಹೇಳಿ ಮಾಡಿಸಿದ್ದು.

ನಾನೀಗ ಬಣ್ಣ ಹಚ್ಚುತ್ತಿರುವುದು ಪೋರಸನ ಸೇನೆಗೆ. ಕ್ರಿ.ಪೂ. 326ರಲ್ಲಿ ಝೀಲಂ ದಂಡೆಯಲ್ಲಿ ಅಲೆಕ್ಸಾಂಡರನನ್ನು ಎದುರಿಸಿದವನು ಅವನು. ಟಿವಿ ಧಾರಾವಾಹಿ ನೋಡಿದವರು ಚಿನ್ನದ ಕವಚ ಕೇಳುತ್ತಾರೆ. ಆದರೆ ಅಲೆಕ್ಸಾಂಡರನ ನೌಕಾಧಿಪತಿ ನಿಯಾರ್ಕಸ್ ಬರೆದದ್ದು ಬೇರೆ. ಅವನ ಪುಸ್ತಕ ಉಳಿದಿಲ್ಲ. ಆರಿಯನ್ ಎಂಬ ಗ್ರೀಕ್ ಲೇಖಕ ಅದನ್ನು ತನ್ನ ‘ಇಂಡಿಕಾ’ದಲ್ಲಿ ಬಳಸಿಕೊಂಡಿದ್ದಾನೆ. ಅದರ ಪ್ರಕಾರ ಭಾರತೀಯರು ಉಡುತ್ತಿದ್ದುದು ಥಳಥಳಿಸುವ ಬಿಳಿ ಹತ್ತಿ ಬಟ್ಟೆ. ಬಿಲ್ಲು ಆಳೆತ್ತರದ್ದು, ಅದರ ಒಂದು ತುದಿಯನ್ನು ನೆಲಕ್ಕೂರಿ, ಎಡಗಾಲಿನಿಂದ ಒತ್ತಿ ಬಾಣ ಬಿಡುತ್ತಿದ್ದರು. ಗಡ್ಡಕ್ಕೆ ಬಿಳಿ, ಕೆಂಪು, ನೇರಳೆ, ಹಸಿರು ಬಣ್ಣ ಹಚ್ಚಿಕೊಳ್ಳುವವರೂ ಇದ್ದರಂತೆ!

ಬಿಳಿಯೇ ಅತಿ ಕಷ್ಟದ ಬಣ್ಣ. ನೇರವಾಗಿ ಬಳಿದರೆ ಗೊಂಬೆ ಸುಣ್ಣ ಹೊಡೆದಂತೆ ಕಾಣುತ್ತದೆ. ಪ್ರೈಮರ್ ಒಣಗಿದ ಮೇಲೆ ತಿಳಿಗಂದು, ಅದರ ಮೇಲೆ ಕೆನೆಬಣ್ಣ, ಉಬ್ಬಿದ ಮಡಿಕೆಗಳಿಗಷ್ಟೇ ಅಚ್ಚ ಬಿಳಿ. ಮಳೆಗಾಲದಲ್ಲಿ ಸ್ಪ್ರೇ ಪ್ರೈಮರ್ ತೇವಕ್ಕೆ ಪುಡಿಪುಡಿಯಾಗಿ ಕೂರುವುದರಿಂದ ಕುಂಚವೇ ವಾಸಿ. ಮೂರಡಿ ದೂರದಿಂದ ನೋಡುವ ಗೊಂಬೆಗೆ ಕಣ್ಣಿನ ಪಾಪೆ ಬರೆಯುವ ಹಠ ಬೇಡ.

ನಿಜವಾದ ಪೀಕಲಾಟ ತಟ್ಟೆಯದು. ಫೆವಿಕಾಲ್ ಸವರಿ, ಮರಳು ಉದುರಿಸಿ, ಒಣಗಿದ ಮೇಲೆ ಬಣ್ಣ ಕೊಡುವುದು ಎಲ್ಲರಿಗೂ ಗೊತ್ತು. ಆದರೆ ಯಾವ ಬಣ್ಣ? ನದಿ ದಾಟುವ ಹಿಂದಿನ ರಾತ್ರಿ ಗುಡುಗು ಮಳೆ ಬಿದ್ದಿತ್ತು. ಪೋರಸ್ ಮೊದಲು ಕಳಿಸಿದ ರಥಗಳು ಕೆಸರಿನಿಂದಾಗಿ ಕೆಲಸಕ್ಕೆ ಬಾರದೆ ಹೋದವು. ಮುಖ್ಯ ಸೇನೆಯನ್ನು ಅವನು ಕೆಸರಿಲ್ಲದ ಗಟ್ಟಿ ಮರಳು ನೆಲದಲ್ಲಿ ನಿಲ್ಲಿಸಿದ ಎನ್ನುತ್ತಾನೆ ಆರಿಯನ್. ರೋಮನ್ ಲೇಖಕ ಕರ್ಟಿಯಸ್ ಪ್ರಕಾರ ನೆಲ ಜಾರುತ್ತಿತ್ತು, ಉದ್ದ ಬಿಲ್ಲನ್ನು ಊರಲು ಆಗದೆ ಬಿಲ್ಲುಗಾರರು ಪರದಾಡಿದರು.

ಪುಸ್ತಕದಲ್ಲಾದರೆ ಎರಡೂ ಮಾತು ಬರೆದು ಮುಂದಿನ ಪುಟಕ್ಕೆ ಹೋಗಬಹುದು. ತಟ್ಟೆಗೆ ಬಣ್ಣ ಹಚ್ಚುವವನು ಒಂದನ್ನು ನಂಬಲೇಬೇಕು. ನೆಲ ಒಣಗಿತ್ತೆಂದರೆ ಪೋರಸನನ್ನು ಸೋಲಿಸಿದ್ದು ಅಲೆಕ್ಸಾಂಡರನ ಕುದುರೆ ಮತ್ತು ಈಟಿ. ಒದ್ದೆಯೆಂದರೆ ಆ ಗೆಲುವಿನಲ್ಲಿ ಮಳೆಗೂ ಪಾಲಿದೆ.

ಸೇನೆಯ ತಟ್ಟೆಗಳೆಲ್ಲ ಒಂದೇ ರೀತಿ ಇರಬೇಕೆಂಬುದು ರೂಢಿ. ನಾನು ಅದನ್ನು ಮುರಿದಿದ್ದೇನೆ. ಆನೆಗಳಿಗೆ ಒಣ ಮರಳು. ರಥಗಳಿಗೆ ಕಡುಗಂದು ಕೆಸರು, ಮೇಲೆ ಹೊಳೆಯುವ ವಾರ್ನಿಶ್. ಬಿಲ್ಲುಗಾರರಿಗೆ ಮರಳೇ, ಆದರೆ ಬಿಲ್ಲಿನ ತುದಿ ಊರುವ ಜಾಗದಲ್ಲಿ ಮಾತ್ರ ಒಂದು ಒದ್ದೆ ಕಲೆ. ಆಡಲು ಬಂದವರು ‘ಇದೇನು, ಇಲ್ಲಿ ವಾರ್ನಿಶ್ ಚೆಲ್ಲಿದೆಯಲ್ಲ?’ ಎಂದು ಕೇಳಿದರೆ, ದಾಳ ಉರುಳಿಸುವ ಮುಂಚೆ ಹತ್ತು ನಿಮಿಷದ ಕಥೆ ಶುರುವಾಗುತ್ತದೆ.