ಎಥನಾಲ್ ಒಲೆ: ತುಂಬಿಸುವಾಗ ಜೋಪಾನ

ಉರಿಯುವ ಆಲ್ಕೋಹಾಲ್ ಭದ್ರಾವತಿಗೆ ಹೊಸದಲ್ಲ. 1923ರಲ್ಲಿ ಶುರುವಾದ ಅಲ್ಲಿನ ಕಬ್ಬಿಣದ ಕಾರ್ಖಾನೆ ಕಾಡಿನ ಮರದಿಂದ ಇದ್ದಿಲು ಮಾಡುತ್ತಿತ್ತು. ಅದೇ ಮರದಿಂದ ಮೆಥನಾಲನ್ನೂ ಇಳಿಸುತ್ತಿತ್ತು. ಈಗ ಶಿವಮೊಗ್ಗದ ಮನೆಗಳ ಹಾಲ್‌ನಲ್ಲೂ ಒಲೆಯಲ್ಲಿ ಉರಿಸಬಹುದಾದದ್ದು ಅದರ ತಮ್ಮ: ಕಬ್ಬಿನ ಕಾಕಂಬಿಯಿಂದ ತೆಗೆಯುವ ಎಥನಾಲ್.

ಈ ಒಲೆಗೆ ಹೊಗೆ ಕೊಳವೆ ಬೇಡ, ಬೂದಿ ಬಳಿಯುವ ಕೆಲಸವೂ ಇಲ್ಲ. ಆದರೆ 1 ಲೀಟರ್ ಉರಿದರೆ ಸುಮಾರು 1.5 ಕಿಲೋ ಇಂಗಾಲದ ಡೈಆಕ್ಸೈಡ್, ಹತ್ತಿರಹತ್ತಿರ 1 ಲೀಟರ್ ನೀರಿನಷ್ಟು ಆವಿ ಕೋಣೆಗೇ ಸೇರುತ್ತದೆ. ಆಷಾಢದ ಮಳೆಯಲ್ಲಿ ಬಟ್ಟೆ ಒಣಗಿಸೋಣ ಅಂತ ಹಚ್ಚಿದಿರೋ, ಗೋಡೆಗೆ ಬೂಸ್ಟು! ಕಿಟಕಿ ಸ್ವಲ್ಪ ತೆರೆದಿರಲಿ. ಮಲಗುವ ಕೋಣೆಗಂತೂ ಬೇಡವೇ ಬೇಡ.

ಒಲೆ ಕೂರುವ ಜಾಗ ಮಟ್ಟಸವಾಗಿರಲಿ, ಕಲ್ಲಿನದ್ದಾಗಿರಲಿ. ಪರದೆ, ಸೋಫಾ ಕನಿಷ್ಠ 1 ಮೀಟರ್ ದೂರ. ಫ್ಯಾನ್ ಆಫ್.

ನಿಜವಾದ ಅಪಾಯ ಇಂಧನ ತುಂಬುವಾಗ. ಬೆಳಕಿನಲ್ಲಿ ಎಥನಾಲಿನ ಸಣ್ಣ ಜ್ವಾಲೆ ಕಣ್ಣಿಗೆ ಕಾಣದೇ ಹೋಗಬಹುದು. ಆರಿದೆ ಅಂದುಕೊಂಡು ಕ್ಯಾನ್ ಬಗ್ಗಿಸಿದರೆ ಬೆಂಕಿ ಆವಿಯ ಜಾಡು ಹಿಡಿದು ಕ್ಯಾನಿನೊಳಗೇ ನುಗ್ಗುತ್ತದೆ. ಎದುರು ಕೂತವರ ಮೇಲೆ ಉರಿ ಚಿಮ್ಮುತ್ತದೆ. ಹಾಗಾಗಿ ಮುಚ್ಚಳ ಹಾಕಿ ಆರಿಸಿ, ಬರ್ನರ್ ಪೂರ್ತಿ ತಣ್ಣಗಾಗುವ ತನಕ ಕಾಯಿರಿ. ತುಂಬಿಸಿದ ಮೇಲೆ ಚೆಲ್ಲಿದ್ದನ್ನು ಒರೆಸಿ, ಒರೆಸಿದ ಬಟ್ಟೆಯನ್ನು ಹೊರಗಿಟ್ಟು, ಆಮೇಲೆ ಉದ್ದ ಹಿಡಿಯ ಲೈಟರ್‌ನಿಂದ ಹಚ್ಚಿ. ಸ್ಯಾನಿಟೈಸರ್, ಪೇಂಟ್ ಅಂಗಡಿಯ ಥಿನ್ನರ್ ಸುರಿಯುವ ಜುಗಾಡ್ ಖಂಡಿತ ಬೇಡ.

ಮೈಗೆ ಬೆಂಕಿ ತಗುಲಿದರೆ ಓಡಬೇಡಿ, ನೆಲಕ್ಕೆ ಉರುಳಿ. ಸುಟ್ಟ ಜಾಗಕ್ಕೆ 20 ನಿಮಿಷ ನಲ್ಲಿ ನೀರು ಬಿಡಿ, ಟೂತ್‌ಪೇಸ್ಟ್ ಹಚ್ಚಬೇಡಿ. ಸಹಾಯಕ್ಕೆ 112.