ತಾಯಿಗೆ ನೋವಿಲ್ಲ, ಮಗುವಿಗೆ ಕುತ್ತು

ಸಿಫಿಲಿಸ್ ಎಂದರೆ ಬಹುತೇಕರ ಮಟ್ಟಿಗೆ ಅಜ್ಜನ ಕಾಲದ ಗುಪ್ತರೋಗ, ಪೆನಿಸಿಲಿನ್ ಬಂದ ಮೇಲೆ ತೊಲಗಿದ್ದು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ತಾಯಿಯಿಂದ ಮಗುವಿಗೆ ಬರುವ ಜನ್ಮಜಾತ ಸಿಫಿಲಿಸ್‌ನ ಪ್ರಕರಣಗಳೇ ಜಗತ್ತಿನಲ್ಲಿ ಸುಮಾರು 7 ಲಕ್ಷ. ಅದೊಂದೇ ವರ್ಷ ಒಂದೂವರೆ ಲಕ್ಷ ಕೂಸುಗಳು ಹೊಟ್ಟೆಯಲ್ಲೇ ಸತ್ತವು. ಇನ್ನೂ 70 ಸಾವಿರ ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡವು.

ಇದಕ್ಕೆ ಕಾರಣ ಟ್ರೆಪೊನೆಮಾ ಪ್ಯಾಲಿಡಮ್ ಎಂಬ ಬ್ಯಾಕ್ಟೀರಿಯಾ. ತಿರುಪು ಮೊಳೆಯ ಹಾಗೆ ಸುರುಳಿ ಸುತ್ತಿಕೊಂಡ ಇದನ್ನು 1905ರಲ್ಲಿ ಬರ್ಲಿನ್ನಿನಲ್ಲಿ ವಿಜ್ಞಾನಿಗಳಾದ ಶೌಡಿನ್ ಮತ್ತು ಹಾಫ್‌ಮನ್ ಪತ್ತೆ ಹಚ್ಚಿದರು. ಇದರ ಕಪಟ ಇರುವುದು ಮೌನದಲ್ಲಿ. ಮೊದಲು ಏಳುವ ಹುಣ್ಣು ನೋಯುವುದಿಲ್ಲ. ಗರ್ಭಕೋಶದ ಬಾಯಿಯಲ್ಲಿ ಎದ್ದರಂತೂ ಕಾಣುವುದೂ ಇಲ್ಲ. ಕೆಲವು ವಾರಗಳಲ್ಲಿ ತಾನಾಗಿ ಮಾಯುತ್ತದೆ. ಆಮೇಲೆ ಮೈಮೇಲೆ ಗಂಧೆ ಎದ್ದರೆ ಅದೂ ಅಡಗುತ್ತದೆ. ರೋಗಾಣು ಮಾತ್ರ ವರ್ಷಗಟ್ಟಲೆ ಒಳಗೇ ಉಳಿಯುತ್ತದೆ. ಬಸುರಿ ಆರೋಗ್ಯವಾಗಿಯೇ ಓಡಾಡಿಕೊಂಡಿರುತ್ತಾಳೆ.

ಆ ಹೊತ್ತಿಗೆ ರೋಗಾಣು ಮಾಸನ್ನು ಸೇರಿರಬಹುದು. ಸೋಂಕು ತಗುಲಿದ ಮಾಸು ಊದಿ, ಬಿಳಿಚಿಕೊಂಡು, ಭಾರವಾಗುತ್ತದೆ. ಅದರ ರಕ್ತನಾಳಗಳು ಕಿರಿದಾಗುತ್ತವೆ. ಮಗುವಿಗೆ ಹೋಗಬೇಕಾದ ಆಮ್ಲಜನಕ, ಆಹಾರ ಎರಡಕ್ಕೂ ಕೊರತೆ. ರೋಗಾಣು ಮಗುವಿನ ರಕ್ತಕ್ಕೂ ದಾಟಿ ಯಕೃತ್ತು, ಮೂಳೆ, ಮಿದುಳನ್ನು ಮುಟ್ಟುತ್ತದೆ. ಚಿಕಿತ್ಸೆ ಸಿಗದ ಬಸುರಿಯರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಗರ್ಭಪಾತ, ಸತ್ತ ಮಗು, ದಿನ ತುಂಬದ ಹೆರಿಗೆ, ಕಡಿಮೆ ತೂಕದ ಇಲ್ಲವೇ ಸೋಂಕಿನ ಕೂಸು, ಹೀಗೆ ಯಾವುದಾದರೊಂದು ತಪ್ಪಿದ್ದಲ್ಲ.

ಹುಟ್ಟಿದಾಗ ಚೆನ್ನಾಗಿಯೇ ಕಾಣುವ ಕೂಸುಗಳೂ ಇವೆ. ಕೆಲವು ವಾರಗಳ ಮೇಲೆ ಮೂಗು ಸೋರತೊಡಗುತ್ತದೆ, ಸಿಂಬಳದಲ್ಲಿ ರಕ್ತದ ಎಳೆ. ಮೂಗು ಕಟ್ಟಿ ಮೊಲೆ ಚೀಪಲಾಗದೆ ಅಳು. ಅಂಗೈ ಅಂಗಾಲಿನ ಚರ್ಮ ಸುಲಿಯುತ್ತದೆ. ಮೂಳೆಯ ನೋವಿಗೆ ಮಗು ಒಂದು ಕೈಯನ್ನು ಅಲ್ಲಾಡಿಸುವುದೇ ಇಲ್ಲ. ಎತ್ತಿಕೊಳ್ಳುವಾಗ ಉಳುಕಿರಬೇಕು ಎಂದು ಮನೆಯವರು ಅಂದುಕೊಳ್ಳಬಹುದು. ಆಗಲೂ ಗುರುತಿಸದಿದ್ದರೆ ಮುಂದೆ ಅಂಚು ಕಚ್ಚಾದ ಬಾಚಿಹಲ್ಲು, ಮಬ್ಬು ಕಣ್ಣು, ಕಿವುಡು. ಈ ಮೂರನ್ನೂ ಒಟ್ಟಿಗೆ ಗುರುತಿಸಿದವನು 19ನೇ ಶತಮಾನದ ಲಂಡನ್ನಿನ ವೈದ್ಯ ಜೊನಾಥನ್ ಹಚಿನ್ಸನ್.

ಮದ್ದು ಮಾತ್ರ ಹಳೆಯದು, ಅಗ್ಗದ್ದು. 1943ರಲ್ಲಿ ಅಮೆರಿಕದ ವೈದ್ಯ ಜಾನ್ ಮಹೋನಿ ಸಿಫಿಲಿಸ್ ರೋಗಿಗಳಿಗೆ ಮೊದಲ ಬಾರಿಗೆ ಪೆನಿಸಿಲಿನ್ ಕೊಟ್ಟ. ಅಂದಿನಿಂದ ಇಂದಿನವರೆಗೆ ಈ ರೋಗಾಣು ಅದಕ್ಕೆ ಪ್ರತಿರೋಧ ಬೆಳೆಸಿಕೊಂಡಿಲ್ಲ. ಆರಂಭದ ಹಂತವಾದರೆ ಬೆಂಜಥೀನ್ ಪೆನಿಸಿಲಿನ್‌ನ 24 ಲಕ್ಷ ಯೂನಿಟ್ ಇಂಜೆಕ್ಷನ್ ಒಂದು ಸಲ ಸಾಕು. ಸೋಂಕು ಹಳೆಯದಾಗಿದ್ದರೆ ವಾರಕ್ಕೊಂದರಂತೆ ಮೂರು. ಹೆರಿಗೆಗೆ ಕನಿಷ್ಠ ನಾಲ್ಕು ವಾರ ಮೊದಲೇ ಕೊಟ್ಟಿರಬೇಕು, ಬೇಗ ಕೊಟ್ಟಷ್ಟೂ ಒಳ್ಳೆಯದು.

ಬೇರೆ ಲೈಂಗಿಕ ಸೋಂಕುಗಳೂ ಸುಮ್ಮನಿರುವುದಿಲ್ಲ. ಗೊನೊರಿಯಾ ಹೆರಿಗೆಯ ಹೊತ್ತಿಗೆ ಮಗುವಿನ ಕಣ್ಣಿಗೆ ತಗುಲಿ ಕುರುಡಾಗಿಸಬಲ್ಲದು. ಕ್ಲಮೈಡಿಯಾದಿಂದ ಕಣ್ಣುಬೇನೆ, ನ್ಯುಮೋನಿಯಾ. ಎಚ್‌ಐವಿ, ಹೆಪಟೈಟಿಸ್ ಬಿ ಎರಡಕ್ಕೂ ಈಗ ಒಳ್ಳೆಯ ತಡೆ ಇದೆ.

ಸಿಫಿಲಿಸ್‌ಗೆ ಇಷ್ಟು ಅಗ್ಗದ ಮದ್ದಿದ್ದೂ ಶ್ರೀಮಂತ ಅಮೆರಿಕದಲ್ಲಿ 2012ರಿಂದ 2022ರ ನಡುವೆ ಜನ್ಮಜಾತ ಸಿಫಿಲಿಸ್ ಹತ್ತು ಪಟ್ಟಿಗೂ ಹೆಚ್ಚಾಗಿ 3,700 ಪ್ರಕರಣ ದಾಟಿತು. ಸಕಾಲಕ್ಕೆ ಪರೀಕ್ಷೆ, ಚಿಕಿತ್ಸೆ ಸಿಕ್ಕಿದ್ದರೆ ಹತ್ತರಲ್ಲಿ ಒಂಬತ್ತನ್ನು ತಪ್ಪಿಸಬಹುದಿತ್ತು. ಕ್ಯೂಬಾ 2015ರಲ್ಲಿ, ಶ್ರೀಲಂಕಾ 2019ರಲ್ಲಿ ತಾಯಿಯಿಂದ ಮಗುವಿಗೆ ಸಿಫಿಲಿಸ್ ದಾಟುವುದನ್ನು ತಡೆದ ದೇಶಗಳೆಂಬ ಮಾನ್ಯತೆ ಪಡೆದವು. ನನ್ನ ಮಟ್ಟಿಗೆ, ಇಲ್ಲಿ ಗೆದ್ದದ್ದು ದುಡ್ಡಲ್ಲ. ಬಸುರಿಯ ಮನೆ ಬಾಗಿಲಿಗೇ ಹೋಗುವ ಸೂಲಗಿತ್ತಿ, ದಾದಿಯರ ವ್ಯವಸ್ಥೆ.

ನಮ್ಮಲ್ಲಿ ತೊಡಕಾಗುವುದು ಮರ್ಯಾದೆಯ ಪ್ರಶ್ನೆ. ರಿಪೋರ್ಟ್ ಪಾಸಿಟಿವ್ ಬಂತೆಂದರೆ ಹೆಂಗಸಿನ ನಡತೆಯ ಮೇಲೆ ಅನುಮಾನ. ವಿಡಿಆರ್‌ಎಲ್ ಎಂಬ ಸಿಫಿಲಿಸ್ ರಕ್ತಪರೀಕ್ಷೆ ಬಸುರಿನಲ್ಲಿ ಕೆಲವೊಮ್ಮೆ ಸೋಂಕಿಲ್ಲದೆಯೂ ಪಾಸಿಟಿವ್ ತೋರಿಸುತ್ತದೆ, ಖಚಿತಪಡಿಸಲು ಇನ್ನೊಂದು ಪರೀಕ್ಷೆ ಬೇಕು. ಸೋಂಕು ನಿಜವಾಗಿದ್ದರೂ ಎಷ್ಟೋ ಸಲ ಅದು ಬಂದಿರುವುದು ಗಂಡನಿಂದಲೇ. ಅವನು ಚಿಕಿತ್ಸೆ ಪಡೆಯದಿದ್ದರೆ ಹೆಂಡತಿಗೆ ಕೊಟ್ಟ ಇಂಜೆಕ್ಷನ್ನೂ ವ್ಯರ್ಥ, ಸೋಂಕು ಮರಳುತ್ತದೆ.

ಆದ್ದರಿಂದ ಮೊದಲ ಮೂರು ತಿಂಗಳಲ್ಲೇ ಸಿಫಿಲಿಸ್ ಪರೀಕ್ಷೆ ಆಗಿದೆಯೇ ಎಂದು ವೈದ್ಯರನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಜೊತೆಗೆ ಗಂಡನನ್ನೂ ಕರೆದುಕೊಂಡು ಹೋಗಿ.