ಮಿನಿಮಮ್ ಕಟ್ಟಿದರೆ ಸಾಕಾ?

ಕ್ರೆಡಿಟ್ ಕಾರ್ಡ್ ಬಿಲ್ 20,000 ರೂಪಾಯಿ.
ಪಕ್ಕದಲ್ಲೇ ಇನ್ನೊಂದು ಅಂಕಿ: ಮಿನಿಮಮ್ 1,000.
ಅಷ್ಟು ಕಟ್ಟಿದರೆ ಸಾಕಾ?

ದಂಡ ತಪ್ಪುತ್ತದೆ, ನಿಜ.
ಬಡ್ಡಿ ತಪ್ಪುವುದಿಲ್ಲ.

ಲೆಕ್ಕ ಕೇಳಿ.
ಉಳಿದ ಬಾಕಿ 19,000.
ತಿಂಗಳಿಗೆ ಶೇಕಡಾ ಮೂರೂವರೆ ಬಡ್ಡಿಯ ಕಾರ್ಡಾದರೆ, 665 ರೂಪಾಯಿ.
ಆ ಬಡ್ಡಿಯ ಮೇಲೆ ಶೇಕಡಾ 18 ಜಿಎಸ್‌ಟಿ.
ಕಟ್ಟಿದ ಸಾವಿರದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮತ್ತೆ ಸಾಲದ ತಲೆಗೇ ಬಂತು!
ನಲ್ಲಿ ನಿಲ್ಲಿಸದೆ ನೆಲ ಒರೆಸಿದ ಹಾಗೆ.

ಬಾಕಿ ಇರುವಾಗ ಹೊಸ ಖರೀದಿಗೂ ಬಡ್ಡಿರಹಿತ ದಿನಗಳಿಲ್ಲ.
ನಾಳೆ ತರುವ ಅಕ್ಕಿ-ಬೇಳೆಗೂ ನಾಳೆಯಿಂದಲೇ ಬಡ್ಡಿ.

ಅದೇ ಕಾರ್ಡಿನಿಂದ ಎಟಿಎಂನಲ್ಲಿ ನಗದು?
ಬೇಡವೇ ಬೇಡ.
ಶುಲ್ಕ ಬೇರೆ, ಮೊದಲ ದಿನದಿಂದ ಬಡ್ಡಿ ಬೇರೆ.

ಹಾಗಾದರೆ ದಾರಿ?
ಆಟೋ ಪೇ.
ಆದರೆ ಅಲ್ಲೂ ಎರಡು ಆಯ್ಕೆ: ಮಿನಿಮಮ್, ಪೂರ್ತಿ.
ಒತ್ತಬೇಕಾದ್ದು ಪೂರ್ತಿ.

ಗಡುವು ಮರೆತರೆ?
ರಿಸರ್ವ್ ಬ್ಯಾಂಕ್ ನಿಯಮದಂತೆ, ಮೂರು ದಿನ ದಾಟುವ ತನಕ ತಡಪಾವತಿ ದಂಡ ಹಾಕುವಂತಿಲ್ಲ.
ಅಷ್ಟರೊಳಗೆ ಕಟ್ಟಿಬಿಡಿ.

ಉಳಿತಾಯ ಖಾತೆಯಲ್ಲೂ ಮಿನಿಮಮ್ ಬ್ಯಾಲೆನ್ಸ್ ಕಾಟವೇ?
ಸ್ಟೇಟ್ ಬ್ಯಾಂಕ್ ಆ ದಂಡವನ್ನು 2020ರಲ್ಲೇ ಕೈಬಿಟ್ಟಿತು.
ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕ್, 2025ರ ಜೂನ್‌ನಲ್ಲಿ.

ಇನ್ನು, ಡ್ರಾಯರಿನಲ್ಲಿ ಮಲಗಿರುವ ಹಳೇ ಕಾರ್ಡ್.
ವಾರ್ಷಿಕ ಶುಲ್ಕ ಮಾತ್ರ ಎದ್ದು ಕೂತಿರುತ್ತದೆ.
ಬಾಕಿ ತೀರಿಸಿ, ಮುಚ್ಚಲು ಬರೆದುಕೊಡಿ.
ಏಳು ಕೆಲಸದ ದಿನಗಳಲ್ಲಿ ಮುಚ್ಚದಿದ್ದರೆ, ದಿನಕ್ಕೆ 500 ರೂಪಾಯಿ ದಂಡ.
ಕಟ್ಟಬೇಕಾದವರು ಈ ಸಲ ಬ್ಯಾಂಕಿನವರು.